ಮನೆತನದ ನಾಲಿಗೆ

ಸೊಸೆ ಮಗುವಿನ ಬಾಯೊಳಗೆ ಬೆರಳು ಹಾಕಿದ್ದನ್ನು ಗುರುಶಾಂತಮ್ಮ ಕಣ್ಣಾರೆ ಕಂಡರು. ಬಾಗಿಲ ಸಂದಿಯಿಂದ ಕಂಡರು. ಶಾಂತಕುಮಾರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಎಂಟು ತಿಂಗಳ ಮಗುವಿನ ನಾಲಿಗೆಯ ಮೇಲೆ ಉಜ್ಜುತ್ತಿದ್ದಳು. ಅತ್ತೆಯ ನೆರಳು ಬಿದ್ದದ್ದೇ ಬೆರಳು ಸೆರಗಿನೊಳಗೆ ಅಡಗಿತು.

"ಏನ್ ಹಚ್ತಿದ್ದೆ ಮಗೀನ ಬಾಯಿಗೆ?"

"ಏನಿಲ್ರಿ ಅತ್ತೀ. ಜೊಲ್ಲು ಒರಸ್ತಿದ್ದೆ."

ಜೊಲ್ಲಂತೆ! ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದವಳ ಹಾಗೆ ನಿಂತಿದ್ದಾಳೆ ನೋಡಿ. ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಾಗ ಮಗು ಗುಂಡುಕಲ್ಲಿನಂತಿತ್ತು. ಈ ಮನೆಗೆ ಬಂದ ಮೇಲೆ ವಾಂತಿ, ಬೆವರು, ಹಳದಿ ಕಣ್ಣು. ಹೋದ ವಾರ ಮೈ ತಣ್ಣಗಾಗಿ ಪ್ರಜ್ಞೆ ತಪ್ಪಿ, ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದಾಯಿತು. ಅದೇ ಮಗುವನ್ನು ನಾಲ್ಕು ದಿನ ಕಡರನಾಯಕನಹಳ್ಳಿಯ ತವರಿಗೆ ಒಯ್ದರೆ ಕೈಕಾಲು ಬಡಿದು ನಗುತ್ತದೆ. ಇದರ ಅರ್ಥ ತಿಳಿಯಲು ಪಂಚಾಂಗ ತೆಗೆಯಬೇಕೆ? ಹುಡುಗಿಗೆ ಬೇರೆ ಮನೆ ಬೇಕು. ಅದಕ್ಕೇ ಮಗುವಿಗೆ ಏನನ್ನೋ ತಿನ್ನಿಸುತ್ತಿದ್ದಾಳೆ.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಆ ಮನೆಯಲ್ಲಿ ಗುರುಶಾಂತಮ್ಮನವರ ಮಾತೇ ಕಡೆಯ ಮಾತು. ಮಗ ಬಕ್ಕೇಶ್ ಹರಿಹರದಲ್ಲಿ ಮೋಟಾರು ಪಂಪಿನ ಅಂಗಡಿ ಇಟ್ಟಿದ್ದ. ಗಿರಾಕಿಗಳ ಜೊತೆ ಗಂಟಲು ಹರಿಯುವಂತೆ ವಾದಿಸುವ ಗಂಡಸು, ತಾಯಿಯೆದುರು ಮಾತ್ರ ಬಾಯಿಗೆ ಬೀಗ. ಇನ್ನು ಬೀಗರೋ, ಗುರುಶಾಂತಮ್ಮನವರ ಕಣ್ಣಿಗೆ ಕಾಲ ಕಸ. ಮದುವೆಯ ಪಂಕ್ತಿಯಲ್ಲಿ ಆ ಜನ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು, ಹುಳುಕು ಹಲ್ಲು ಬಿಟ್ಟು ನಕ್ಕಿದ್ದನ್ನು ನೆನೆದರೆ ಈಗಲೂ ಅವರ ಮೈ ಉರಿಯುತ್ತಿತ್ತು. ಹೊಟ್ಟೆಬಾಕ ಕುಲ!

ಗುರುಶಾಂತಮ್ಮ ಸಿಹಿ ಮುಟ್ಟುವವರಲ್ಲ. ಹಬ್ಬವಿರಲಿ, ಮದುವೆಯಿರಲಿ, ಹೋಳಿಗೆಯ ತಟ್ಟೆಯನ್ನು ಅತ್ತ ಸರಿಸುವರು. ಊರು ಅದನ್ನು ವ್ರತವೆಂದುಕೊಂಡಿತ್ತು, ಅವರೂ ಅಲ್ಲವೆನ್ನಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ಎಷ್ಟಾದರೂ ಸರಿ. ಅರವತ್ತು ದಾಟಿದರೂ ಕೊಬ್ಬರಿ ಬಟ್ಟಲನ್ನು ಹಲ್ಲಿನಲ್ಲೇ ಮುರಿಯುವರು. "ನಾಲಿಗೆ ಹಿಡಿತದಾಗ ಇರಬೇಕವ್ವ, ಅದು ಮನೆತನದ ಲಕ್ಷಣ" ಎಂದು ಸೊಸೆಗೆ ಕೇಳಿಸುವಂತೆ ಪಕ್ಕದ ಮನೆಯವರಿಗೆ ಹೇಳುವರು.

ಹಾಗೆಂದು ಮೊಮ್ಮಗನಿಗೆ ಕಡಿಮೆ ಮಾಡಿದವರಲ್ಲ. ಬೆಳಗಾದರೆ ತಾವೇ ಬಜೆ ತೇದು, ಜೇನಿನಲ್ಲಿ ಕಲಸಿ ನೆಕ್ಕಿಸುವರು. ಮಾತು ಬೇಗ ಬರಲೆಂದು. ಸೊಸೆಯ ಹಾಲಿನ ಮೇಲೆ ನಂಬಿಕೆ ಹೋಗಿ, ಹಸುವಿನ ಹಾಲಿಗೆ ಕಲ್ಲುಸಕ್ಕರೆ ಹಾಕಿ ಕುಡಿಸತೊಡಗಿದರು. ಮಗು ಮುಖವನ್ನು ಎಡಕ್ಕೆ ತಿರುಗಿಸಿ ತುಟಿ ಬಿಗಿಯುತ್ತಿತ್ತು. "ಅವ್ವ ಕಲಿಸಿದ್ದು" ಎಂದು ಅವರು ಮೂಗು ಹಿಡಿದು ಕುಡಿಸುವರು.

ಆಸ್ಪತ್ರೆಯಲ್ಲಿ ಮಗುವನ್ನು ನೋಡಿದ್ದ ಡಾಕ್ಟರ್ ವಾಣಿ, ತಿಂದದ್ದು ಮೈಗೆ ಒಗ್ಗದಂತೆ ಮಾಡುವ, ಹುಟ್ಟಿನಿಂದಲೇ ಬರುವ ಕಾಯಿಲೆಗಳ ಮೇಲೆ ಸಂಶೋಧನೆ ನಡೆಸಿದ್ದರು. ದಾವಣಗೆರೆ, ಹರಿಹರ ಎಂದು ಮನೆಮನೆಗೆ ಹೋಗಿ ಮಕ್ಕಳ ಮೂತ್ರ ಕೇಳಿ ಪಡೆದು, ಕಾಯಿಸಿ ಪರೀಕ್ಷಿಸುವರು. "ಇಷ್ಟು ಓದಿ ಉಚ್ಚೆ ಕಾಯಿಸ್ತಾಳಲ್ಲ!" ಎಂದು ಗುರುಶಾಂತಮ್ಮ ನಕ್ಕಿದ್ದರು. ಈಗ ಅವರೇ ಫೋನು ಮಾಡಿ ಮನೆಗೆ ಕರೆಸಿದರು. ಮಗನಿಂದ ಸೊಸೆಯನ್ನು ಬಿಡಿಸಬೇಕಾದರೆ ಹಿರಿಯರೆದುರು ಕಾರಣ ಬೇಕು. ಡಾಕ್ಟರ ಬಾಯಿಂದಲೇ ಬಂದರೆ ಕೇಳಬೇಕೆ!

ಡಾಕ್ಟರ್ ಮಗುವಿನ ಪರೀಕ್ಷೆಯ ಚೀಟಿ ಹಿಡಿದು ಬಂದು ಕೂತು, ಮಗುವಿಗೆ ಏನೇನು ತಿನ್ನಿಸುತ್ತೀರೆಂದು ಕೇಳಿ ತಿಳಿದರು. ಬಕ್ಕೇಶ್ ಗೋಡೆಗೆ ಒರಗಿ ನಿಂತ. ಶಾಂತಕುಮಾರಿ ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು.

"ಇವಳ ಹಾಲೇ ವಿಷ, ಹೌದಲ್ರಿ?" ಗುರುಶಾಂತಮ್ಮ ಕೇಳಿದರು.

"ಹಾಲು ಅಮೃತ ಐತಮ್ಮ. ವಿಷ ಆಗಿರೋದು ನಿಮ್ಮ ಜೇನು, ನಿಮ್ಮ ಸಕ್ಕರೆ. ಈ ಮಗೀಗೆ ಆ ಸಿಹಿ ಅರಗೋದಿಲ್ಲ. ಲಿವರ್ ಕೆಡ್ತಾ ಐತೆ. ಇನ್ನೂ ನೆಕ್ಕಿಸಿದ್ರೆ ಮಗು ಉಳಿಯೋದಿಲ್ಲ."

ಶಾಂತಕುಮಾರಿ ಬಿಕ್ಕಿದಳು. "ಜೇನು ನೆಕ್ಕಿಸಿದ ಮ್ಯಾಲೇ ವಾಂತಿ ಮಾಡ್ಕೊಂತಿತ್ರಿ. ಅದಕ್ಕೇ ಕದ್ದು ಒರಸಿ ತೆಗೀತಿದ್ದೆ."

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಗುರುಶಾಂತಮ್ಮನವರ ತಲೆಗೆ ಆ ಅಭ್ಯಾಸವಿರಲಿಲ್ಲ.

"ಅದಿರ್ಲಿ. ಈ ರೋಗ ಬಂದಿದ್ದು ಎಲ್ಲಿಂದ? ರಕ್ತದಾಗಿಂದ ತಾನೆ?"

"ಹೌದು, ರಕ್ತದಿಂದಾನೇ."

"ಕೇಳಿದ್ಯೇನೋ ಬಕ್ಕೇಶ? ಇವತ್ತೇ ಇವಳನ್ನ ಬಸ್ ಹತ್ತಿಸು. ಮಾಯಕೊಂಡದಾಗ ನಮ್ಮಣ್ಣನ ಮಗಳು ಅದಾಳೆ. ನನ್ನದೇ ರಕ್ತ."

"ತಡೀರಿ" ಎಂದರು ಡಾಕ್ಟರ್. "ಇದು ತಾಯಿ ಒಬ್ಬಳಿಂದ ಬರೋದಲ್ಲ. ತಾಯಿ ಕಡೆಯಿಂದ ಅರ್ಧ, ತಂದೆ ಕಡೆಯಿಂದ ಅರ್ಧ ಬಂದು ಕೂಡಿದ್ರೇನೇ ಕಾಯಿಲೆ."

"ನಮ್ಮ ಮನೆತನದಾಗ ಇಂಥಾ ದರಿದ್ರ ಇಲ್ಲ."

"ಇದನ್ನ ಇಟ್ಕೊಂಡೇ ಮುದುಕರಾದೋರೂ ಅದಾರೆ. ಸೇರೋದಿಲ್ಲ ಅಂತ ಸಿಹಿ ಮುಟ್ಟೋದಿಲ್ಲ, ಹಲ್ಲೂ ಹುಳುಕಾಗೋದಿಲ್ಲ. ಅವರಿಗೇ ಗೊತ್ತಿರೋದಿಲ್ಲ."

"ಹಂಗಾರೆ ನನ್ನನ್ನೇ ಪರೀಕ್ಷೆ ಮಾಡ್ರಿ! ಈ ಹೊಟ್ಟೆಬಾಕರ ರಕ್ತ ಯಾವುದು, ನಮ್ಮ ರಕ್ತ ಯಾವುದು, ಊರಿಗೇ ಗೊತ್ತಾಗ್ಲಿ."

ಶಾಂತಕುಮಾರಿ ಮಗುವನ್ನು ಗಂಡನ ಕೈಗೆ ಕೊಟ್ಟಳು. ದೇವರ ಗೂಡಿನ ಕೆಳಗೆ ಬೆಳಗ್ಗಿನ ಬಜೆ ಜೇನಿನ ಬಟ್ಟಲು ಇನ್ನೂ ಇತ್ತು. ಅದರಲ್ಲಿ ಬೆರಳದ್ದಿ ಅತ್ತೆಯ ಮುಂದೆ ಬಂದು ನಿಂತಳು. ಈ ಮನೆಯಲ್ಲಿ ಅವಳು ತಲೆಯೆತ್ತಿ ನಿಂತದ್ದು ಅದೇ ಮೊದಲು.

"ನೆಕ್ರಿ ಅತ್ತೀ. ನಿಮ್ಮದು ಒಳ್ಳೇ ರಕ್ತ ಅಲ್ರಿ?"

"ಬ್ಯಾಡಮ್ಮ!" ಎಂದು ಡಾಕ್ಟರ್ ಗಾಬರಿಯಿಂದ ಎದ್ದರು.

ಅಷ್ಟರಲ್ಲಿ ಗುರುಶಾಂತಮ್ಮ ಮುಖವನ್ನು ಎಡಕ್ಕೆ ತಿರುಗಿಸಿ ತುಟಿ ಬಿಗಿದಿದ್ದರು.