ಗೊಗ್ಗರು ದನಿಯ ರಾಜಕುಮಾರಿ

ಪುಸ್ತಕದ ಚಿತ್ರಗಳೆಲ್ಲ ಓದುವವರ ದನಿ ಕೇಳಿಯೇ ಹಾಳೆಯ ಮೇಲೆ ಮೂಡುತ್ತಿದ್ದ ಕಾಲವದು. ಗಂಟಲಿನ ಆಪರೇಷನ್ ಆದಮೇಲೆ ಅಂಗನವಾಡಿಯ ಕಮಲಾಕ್ಷಿ ಟೀಚರ್ ಮೊದಲ ಸಲ ಮಕ್ಕಳೆದುರು ರಾಜಕುಮಾರಿಯ ಕಥನಗೀತೆಯ ಪುಸ್ತಕ ತೆರೆದರು. ಹಾಳೆ ಖಾಲಿಯೇ ಉಳಿದುಬಿಟ್ಟರೆ ಎಂಬ ಅಳುಕು ಅವರಿಗೆ.

ಗೊಗ್ಗರು ದನಿಯಲ್ಲೇ ಓದಿದರು. ಚಿತ್ರವೇನೋ ಮೂಡಿತು. ಆದರೆ ಮೊದಲೆಲ್ಲ ಚೆಲುವೆಯಾಗಿ ಬರುತ್ತಿದ್ದ ರಾಜಕುಮಾರಿಗೆ ಈಗ ತಲೆ ನರೆತು ಕೆನ್ನೆ ಸುಕ್ಕುಗಟ್ಟಿತ್ತು. ಕಮಲಾಕ್ಷಿ ನಾಚಿ ಪುಸ್ತಕ ಮುಚ್ಚಹೋದರು.

"ಮುಚ್ಬೇಡಿ ಟೀಚರ್!" ಪುಟ್ಟ ರುಕ್ಸಾನಾ ಕೈ ಅಡ್ಡ ಹಿಡಿದಳು. "ಮುಂಚಿನವಳು ಬರೀ ಕನ್ನಡಿ ನೋಡ್ಕೊಂಡಿರ್ತಿದ್ಲು. ಈ ಅಜ್ಜಿ ನಮ್ಮನ್ನ ನೋಡಿ ನಗ್ತಾಳೆ."

ಉಳಿದ ಮಕ್ಕಳೂ ಹಾಳೆಯ ಮೇಲೆ ಬಗ್ಗಿದರು. "ಇನ್ನೊಂದ್ಸಲ ಓದಿ ಟೀಚರ್!"

ಓದಿ ಮುಗಿದಮೇಲೆ ಚಿತ್ರಕ್ಕೆ ಕೈಮುಗಿದು ಪುಸ್ತಕ ಮುಚ್ಚುವುದು ಎಲ್ಲರ ರೂಢಿ. ಅಂದು ಕಮಲಾಕ್ಷಿ ಕೈಮುಗಿದದ್ದು ಮಕ್ಕಳ ಕಡೆ ತಿರುಗಿ.