ಮನೆಗೊಬ್ಬ

ರಿಪೋರ್ಟನ್ನು ಎರಡು ಸಲ ಓದಿದ ಮೇಲೂ ರಾಜಕುಮಾರ ಅದನ್ನು ಮಡಚಲಿಲ್ಲ. ಮಕ್ತಲ್‌ನ ಆ ಚಿಕ್ಕ ಆಸ್ಪತ್ರೆಯ ಬೆಂಚಿನ ಮೇಲೆ, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಹಾಗೇ ಕುಳಿತ.

"ಏನೈತೋ ಅದರಾಗ?" ಎಂದಳು ತಾಯಿ ಶಂಕರಮ್ಮ.

"ನನ್ನ ರಕ್ತದಾಗ ಏನೂ ದೋಷ ಇಲ್ಲಂತ."

"ನಾ ಮದ್ಲೇ ಅಂದಿದ್ದಿಲ್ಲೇನು? ನನ್ನ ಹೊಟ್ಟ್ಯಾಗ ಹುಟ್ಟಿದೋನಿಗೆ ಎಲ್ಲಿ ದೋಷ!" ಶಂಕರಮ್ಮನ ಮುಖ ಅರಳಿತು. ಸೊಸೆ ಸ್ರವಂತಿಗೆ ಈಗ ಬಸುರಿನ ಹತ್ತನೆಯ ವಾರ. ಮೊದಲ ಮಗಳು, ನಾಲ್ಕು ವರ್ಷದ ರಜಿನಿಗೆ ಹುಟ್ಟಿನಿಂದಲೇ ಮೈಯಲ್ಲಿ ರಕ್ತ ಸಾಲದ ಜಡ್ಡು. ಇಪ್ಪತ್ತು ದಿನಕ್ಕೊಮ್ಮೆ ರಾಯಚೂರಿಗೆ ಒಯ್ದು ರಕ್ತ ಹಾಕಿಸಬೇಕು. ಹೊಟ್ಟೆಯಲ್ಲಿರುವ ಕೂಸಿಗೂ ಅದೇ ಜಡ್ಡು ಇದೆಯೋ ಏನೋ ಎಂದು ನೋಡುವ ಮೊದಲು ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕಿತ್ತು. ಸ್ರವಂತಿಯ ರಕ್ತದಲ್ಲಿ ದೋಷವಿದೆ ಎಂಬ ಕಾಗದ ಹೋದ ವಾರವೇ ಬಂದಿತ್ತು.

"ಅವ್ವಾ, ಹೈದರಾಬಾದಿನ ಡಾಕ್ಟರ್ ಏನಂದಿದ್ದ?" ರಾಜಕುಮಾರನ ದನಿ ತಗ್ಗಿತ್ತು. "ತಾಯಿ ತಂದಿ ಇಬ್ರಿಂದಾನೂ ಬಂದ್ರ ಮಾತ್ರ ಮಕ್ಳಿಗೆ ಈ ಜಡ್ಡು, ಒಬ್ರಿಂದ ಬಂದ್ರ ಆಗಂಗಿಲ್ಲ ಅಂತ. ಇಕಿ ರಕ್ತದಾಗ ಐತಿ. ನಂದ್ರಾಗ ಇಲ್ಲ."

ಅವನು ಸ್ರವಂತಿಯ ತೊಡೆಯ ಮೇಲೆ ಮಲಗಿದ್ದ ರಜಿನಿಯನ್ನು ನೋಡತೊಡಗಿದ. ಹಣೆ, ಮೂಗು, ಕಿವಿ. ಸೀರೆಯ ಜರಿ ಅಸಲಿಯೋ ನಕಲಿಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ.

"ಏನ್ ನೋಡಾಕತ್ತೀರಿ?" ಎಂದಳು ಸ್ರವಂತಿ. ಅವನ ಕಣ್ಣು ಮಗುವಿನ ಮೇಲಿಂದ ಸರಿಯಲಿಲ್ಲ. ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತಿ, ನೀವರ ಒಂದ್ ಮಾತು ಹೇಳ್ರಿ."

ಶಂಕರಮ್ಮ ಸೊಸೆಯನ್ನು ನೋಡಿದಳು. ಈ ಹುಡುಗಿ ಹೊರಗಿನವಳಲ್ಲ, ಸ್ವಂತ ಅಣ್ಣನ ಮಗಳು. ತವರಿನ ನಂಟು ಕಡಿಯಬಾರದೆಂದು ಹಟ ಹಿಡಿದು ತಂದುಕೊಂಡವಳು. ಆದರೂ ಕಾಗದ ಕಾಗದವೇ. ತನ್ನ ಕಣ್ಣೂ ಮೊಮ್ಮಗಳ ಕಿವಿಯ ಕಡೆಗೇ ಹೋದದ್ದು ಅವಳಿಗೇ ತಿಳಿಯಿತು.

ಬಾಗಿಲಲ್ಲಿ ರಾಧಿಕಾ ಮೇಡಂ ಕಾಣಿಸಿಕೊಂಡಳು. ಪರೀಕ್ಷೆಗೆ ಬಂದವರಿಗೆ ತಿಳಿಹೇಳುವ ಕೆಲಸ ಅವಳದು. "ಸ್ರವಂತಿ, ನೀ ಒಬ್ಬಾಕೀನ ಒಳಗ ಬಾ."

"ಎಲ್ರೂ ಬರ್ತೀವ್ರಿ," ಎಂದು ರಾಜಕುಮಾರ ಎದ್ದ. "ಮುಚ್ಚಿಡೋದು ಏನೈತಿ?"

ಮೇಡಂ ಸ್ರವಂತಿಯ ಮುಖ ನೋಡಿದಳು. "ಬರ್ಲಿ ಬಿಡ್ರಿ ಮೇಡಂ," ಎಂದಳು ಸ್ರವಂತಿ, ಮಗುವನ್ನು ಎತ್ತಿಕೊಳ್ಳುತ್ತ.

ಒಳಗೆ ಮೇಡಂ ರಿಪೋರ್ಟನ್ನು ಮುಟ್ಟಲೇ ಇಲ್ಲ. ರಿಜಿಸ್ಟರ್ ತೆಗೆದು ಬೆರಳಿಟ್ಟು ಓದಿದಳು. "ನಾನು ಮದ್ಲು ಟ್ಯೂಬಿನ ಮ್ಯಾಲ ಅನುಮಾನ ಪಡ್ತೀನಿ, ಮನುಷ್ಯಾರ ಸರದಿ ಆಮ್ಯಾಲ. ರಾಜಕುಮಾರ್, ನಿಮ್ಮ ಮದಲನೇ ಸಲದ ರಕ್ತ ಟ್ಯೂಬಿನ್ಯಾಗ ಹೆಪ್ಪುಗಟ್ಟಿತ್ತು, ಅದಕ್ಕ ಮತ್ತ ಕರಸಿದ್ವಿ. ಎರಡನೇ ಸಲ ಹದಿನಾಲ್ಕನೇ ತಾರೀಕಿಗೆ ಬಂದು ಕೊಟ್ರಿ, ಹೌದಲ್ಲ?"

"ಎರಡನೇ ಸಲ ಎಲ್ಲೀದ್ರಿ? ನಾ ಒಂದೇ ಸಲ ಕೊಟ್ಟೀನಿ. ಹದಿನಾಲ್ಕಕ್ಕ ಪುಣೆದಾಗ ಕಟ್ಟಡದ ಸೆಂಟ್ರಿಂಗ್ ಕೆಲಸದ ಮ್ಯಾಲ ಇದ್ದೆ."

"ಸಣ್ಣ ಮಗ ಶ್ರೀನು ಬಂದು ಕೊಟ್ಟಾನಲ್ರಿ," ಎಂದಳು ಶಂಕರಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಮೂವರೂ ಅವಳ ಕಡೆ ತಿರುಗಿದರು. ಊರಿನಲ್ಲಿ ಕಾಲುವೆ ಹೂಳೆತ್ತಲಿಕ್ಕೂ ಮನೆಗೊಬ್ಬ, ಹೆಣಕ್ಕೆ ಹೆಗಲು ಕೊಡಲಿಕ್ಕೂ ಮನೆಗೊಬ್ಬ. ಅಣ್ಣ ಇಲ್ಲದಿದ್ದರೆ ತಮ್ಮ ಹೋಗುತ್ತಾನೆ. ಯಾರೂ ಲೆಕ್ಕ ಕೇಳುವುದಿಲ್ಲ. ಆಸ್ಪತ್ರೆಯಿಂದ ಫೋನು ಬಂದ ದಿನ ಹಿರಿಯ ಮಗ ಪುಣೆಯಲ್ಲಿ, ಸೊಸೆ ರಜಿನಿಯೊಂದಿಗೆ ರಾಯಚೂರಿನಲ್ಲಿ. ಅಣ್ಣನ ಆಧಾರ್ ಕಾರ್ಡನ್ನು ಕಿರಿಯವನ ಕೈಗೆ ಕೊಟ್ಟು ಮರಿಕಲ್ಲಿನಲ್ಲಿ ಮಕ್ತಲ್ ಬಸ್ಸು ಹತ್ತಿಸಿದ್ದಳು, ಅಷ್ಟೆ.

"ಆಧಾರಿನ ಫೋಟೋದಾಗ ಎಲ್ರೂ ಕಳ್ಳರಂಗೇ ಕಾಣ್ತಾರ, ಯಾರ್ ಕೇಳ್ತಾರ್ರಿ? ಅಣ್ಣ ತಮ್ಮಂದು ಒಂದೇ ರಕ್ತ ಅಲ್ಲೇನು?"

"ನಿಮ್ಮ ಇಬ್ರೂ ಮಕ್ಳು ಒಂದೇ ತರ ಅದಾರೇನಮ್ಮ?" ಎಂದಳು ಮೇಡಂ.

"ಎಲ್ಲೀದ್ರಿ! ಶ್ರೀನು ಅವರಪ್ಪನ ಪಡಿಯಚ್ಚು. ಇವ ನಮ್ಮಣ್ಣನಂಗ."

"ಚಹರೆ ಬ್ಯಾರೆ, ಈ ದೋಷ ಬ್ಯಾರೆ. ಆದ್ರ ಹಂಚಿಕಿ ಹಂಗೇ. ಒಬ್ಬನಿಗೆ ಬರ್ತೈತಿ, ಇನ್ನೊಬ್ಬನಿಗೆ ತಪ್ತೈತಿ. ಇದು ಶ್ರೀನುನ ರಕ್ತ. ರಜಿನಿಗೂ ಇದಕ್ಕೂ ಸಂಬಂಧ ಇಲ್ಲ." ಮೇಡಂ ರಿಪೋರ್ಟಿನ ಮೇಲೆ ಅಡ್ಡ ಗೀಟು ಎಳೆದಳು. ಆಮೇಲೆ ಸ್ರವಂತಿಗೆ ಹೇಳಿದಳು: "ಇವತ್ತು ಇವರ ರಕ್ತ ತಗೊಂಡ್ರ ಹತ್ತು ದಿನಕ್ಕ ಬರ್ತೈತಿ. ಕೂಸಿಂದು ನೋಡಸಾಕ ವ್ಯಾಳ್ಯಾ ಇನ್ನೂ ಐತಿ, ಭಾಳ ಇಲ್ಲ. ನೋಡಸೋದು ಬಿಡೋದು ನಿನ್ನ ಮಾತು."

ಸ್ರವಂತಿ ತಲೆಯಾಡಿಸಿದಳು. ಶಂಕರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಸೊಸೆಯಲ್ಲಿ ಇರುವುದು ಅಣ್ಣನ ಕಡೆಯಿಂದ ಬಂದದ್ದಾದರೆ, ಮಗನಿಗೆ ಕೊಟ್ಟವಳು ಯಾರು? ಯಾರೂ ಅದನ್ನು ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ರಾಜಕುಮಾರ ರಕ್ತ ಕೊಟ್ಟು, ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದ. ಅವನ ಮುಖ ಸಡಿಲಾಗಿತ್ತು. "ಅವ್ವಾ, ಇನ್ನ ಮ್ಯಾಲ ನನಗ ಜ್ವರ ಬಂದ್ರ ಗುಳಿಗಿ ಶ್ರೀನುಗ ಕೊಡಬ್ಯಾಡ ಮತ್ತ!" ಎಂದು ನಗುತ್ತ ಬಾಗಿ, ರಜಿನಿಯ ಕಡೆಗೆ ಎರಡೂ ಕೈ ಚಾಚಿದ.

ಸ್ರವಂತಿ ಮಗುವನ್ನು ಮತ್ತೊಂದು ಸೊಂಟಕ್ಕೆ ಬದಲಿಸಿಕೊಂಡಳು.

"ಅವಸರ ಯಾಕ್ರಿ?" ಎಂದಳು. "ಹತ್ತು ದಿನ ತಡೀರಿ. ರಿಪೋರ್ಟ್ ಬರ್ಲಿ, ಆಮ್ಯಾಲ ಎತ್ಕೊಳ್ಳೀರಂತ."