ಬ್ರೇಕು

ಟಿವಿಯೊಳಗಿನ ಊರಿನಲ್ಲಿ ಕೆಂಪು ದೀಪ ಬಿತ್ತು. ಅಪ್ಪ ಆಟದ ಕಾರನ್ನು ನಿಲ್ಲಿಸಿದ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿದರೂ ಕದಲಲಿಲ್ಲ. ಪಕ್ಕದಲ್ಲಿದ್ದ ಮಗಳಿಗೆ ನಗು ಬಂತು.

"ಅಯ್ಯೋ ಅಪ್ಪ, ಇದ್ರಲ್ಲಿ ಸಿಗ್ನಲ್‌ಗೆ ಯಾರೂ ನಿಲ್ಲಲ್ಲ, ನುಗ್ಸು. ಅದಕ್ಕೇ ನಂಗೆ ಈ ಊರು ಸುತ್ತೋ ಆಟ ಸೇರಲ್ಲ. ಗೊತ್ತು ಗುರಿ ಇಲ್ಲ, ಏನ್ ಮಾಡಿದ್ರೂ ಕೇಳೋರಿಲ್ಲ. ಕತೆ ಇರೋದು ಹಾಕ್ಲಾ?"

"ಇರ್ಲಿ ಬಿಡಮ್ಮ, ಇದೇ ಸಾಕು."

ಹಿಂದಿನ ವರ್ಷ ಅಪ್ಪ ಓಡಿಸುತ್ತಿದ್ದ ಬಸ್ಸಿಗೆ ಹೆಂಗಸೊಬ್ಬಳು ಅಡ್ಡ ಬಂದು ಸತ್ತಿದ್ದಳು. ತಪ್ಪು ಅವನದಲ್ಲವೆಂದು ಎಲ್ಲರೂ ಹೇಳಿದರೂ ಅವನು ಮತ್ತೆ ಸ್ಟಿಯರಿಂಗ್ ಮುಟ್ಟಿರಲಿಲ್ಲ.

ಹಸಿರು ದೀಪಕ್ಕೆ ಕಾರು ಹೊರಟದ್ದೇ ತಡ, ಕೊಡೆ ಹಿಡಿದವಳೊಬ್ಬಳು ರಸ್ತೆಗಿಳಿದಳು. ಕೈಯಲ್ಲಿದ್ದ ಆಟದ ರಿಮೋಟಿನ ಗುಂಡಿಗಳನ್ನು ಮರೆತು ಅಪ್ಪ ಬಲಗಾಲಿನಿಂದ ನೆಲವನ್ನು ಒತ್ತಿದ. ಕಾರು ನಿಲ್ಲಲಿಲ್ಲ. ಅವಳು ಬಿದ್ದಳು. ಮರುಕ್ಷಣವೇ ಎದ್ದು, ಕೊಡೆ ಎತ್ತಿಕೊಂಡು, ವಾಚಾಮಗೋಚರ ಬೈಯುತ್ತ ನಡೆದಳು.

"ನೋಡಿದ್ಯಾ? ಏನೂ ಆಗಲ್ಲ..." ಎಂದ ಮಗಳು ಅಪ್ಪನ ಕಾಲು ನೋಡಿದಳು. ಅದು ಇನ್ನೂ ನೆಲವನ್ನು ಒತ್ತಿಯೇ ಇತ್ತು.

ಕೊಡೆ ಮರೆಯಾಗುವವರೆಗೂ ಅಪ್ಪ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಎಷ್ಟು ಚೆನ್ನಾಗಿ ಬೈದ್ಲು, ಅಲ್ವೇನಮ್ಮ?"